ನಲವತ್ತು ಪದಗಳ ಪಟ್ಟಿ ಮತ್ತು ‘ಮೆನ್’ ಎಂಬ ಒಂದು ಕೂಗು

ಕಳೆದ ತಿಂಗಳು ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಣ್ಣ ಅರ್ಜಿ ಬಂತು. ಸದಸ್ಯರ ಮನೆಯ ಹನ್ನೊಂದು ಮಕ್ಕಳು ಜಪಾನಿನ ಕತ್ತಿವರಸೆಯಾದ ಕೆಂದೋ ಕಲಿಯುತ್ತಿದ್ದಾರೆ. ಅವರು ಇದುವರೆಗೆ ಅಭ್ಯಾಸ ಮಾಡುತ್ತಿದ್ದ ಶಾಲೆಯ ಸಭಾಂಗಣ ದುರಸ್ತಿಗಾಗಿ ಮುಚ್ಚಿದೆ. ಭಾನುವಾರ ಬೆಳಿಗ್ಗೆ ಆರೂವರೆಯಿಂದ ಎಂಟೂವರೆಯವರೆಗೆ ಸಂಘದ ಸಭಾಗೃಹವನ್ನು ಕೊಡಬೇಕೆಂದು ಪಾಲಕರು ಕೇಳಿದ್ದರು. ಸಮಿತಿ ಇಲ್ಲವೆನ್ನಲಿಲ್ಲ, ಒಂದು ಷರತ್ತು ಹಾಕಿತು. ಕನ್ನಡ ಸಂಘದ ಸೂರಿನಡಿ ಜಪಾನೀ ಭಾಷೆಯ ಆಜ್ಞೆ, ಎಣಿಕೆ, ಕೂಗು ಯಾವುದೂ ಕೂಡದು, ಎಲ್ಲವೂ ಕನ್ನಡದಲ್ಲೇ ನಡೆಯಬೇಕು. ಹಿರಿಯರೊಬ್ಬರು ಶ್ರಮವಹಿಸಿ ನಲವತ್ತು ಪದಗಳ ಪಟ್ಟಿಯನ್ನೂ ತಯಾರಿಸಿ ಕೊಟ್ಟಿದ್ದಾರೆ. ಮುಂದಿನ ತಿಂಗಳ ಸರ್ವಸದಸ್ಯರ ಸಭೆಯಲ್ಲಿ ಇದು ಮತಕ್ಕೆ ಬರಲಿದೆ.

ಈ ಷರತ್ತನ್ನು ನಾವು ವಿರೋಧಿಸುತ್ತೇವೆ. ವಿರೋಧಿಸುವವರು ಕನ್ನಡದ್ರೋಹಿಗಳು ಎಂಬ ಮಾತು ಈಗಾಗಲೇ ಮೆಟ್ಟಿಲ ಮೇಲೆ ಕೇಳಿಬಂದಿರುವುದರಿಂದ, ನಮ್ಮ ಕಾರಣಗಳನ್ನು ಬರೆದೇ ತಿಳಿಸುವುದು ಒಳ್ಳೆಯದೆಂದು ತೋರಿತು.

ಮೊದಲು ನಮ್ಮ ಯೋಗ್ಯತೆಯನ್ನು ಹೇಳಿಬಿಡುತ್ತೇವೆ. ನಾವು ಕೇಂದ್ರ ಸರಕಾರದ ಕಛೇರಿಯೊಂದರಲ್ಲಿ ಗುಮಾಸ್ತರು, ಓದಿದ್ದು ಬಿ.ಎಸ್‌ಸಿ. ಭಾಷಾಪಂಡಿತರಲ್ಲ, ಕತ್ತಿ ಹಿಡಿದವರೂ ಅಲ್ಲ. ಕಡತದ ಲಾಡಿ ಬಿಚ್ಚಿ ಕಟ್ಟುವುದಷ್ಟೇ ನಮಗೆ ಗೊತ್ತಿರುವ ವರಸೆ. ಆದರೆ ಎರಡು ವರ್ಷಗಳಿಂದ ಪ್ರತಿ ಭಾನುವಾರ ಮಗಳನ್ನು ಲೋಕಲ್ ಗಾಡಿಯಲ್ಲಿ ಕರೆದೊಯ್ದು, ಉದ್ದನೆಯ ಚೀಲದಲ್ಲಿರುವುದು ಮೀನಿನ ಗಾಳವಲ್ಲವೆಂದು ಸಹಪ್ರಯಾಣಿಕರಿಗೆ ವಿವರಿಸಿ, ಎರಡು ತಾಸು ಬೆಂಚಿನ ಮೇಲೆ ಕುಳಿತು ನೋಡಿದ್ದೇವೆ, ಕೇಳಿದ್ದೇವೆ. ಕಲಿಸುವ ತರುಣ ಮರಾಠಿಯವರು. ಅವರು ಹೇಳಿದ್ದನ್ನು ಬರೆದಿಟ್ಟುಕೊಂಡು, ಸಿಕ್ಕ ಪುಸ್ತಕಗಳನ್ನೂ ಓದಿದ್ದೇವೆ. ಪಟ್ಟಿ ಮಾಡಿದ ಹಿರಿಯರು ಒಂದು ಭಾನುವಾರವೂ ಅಲ್ಲಿಗೆ ಬಂದವರಲ್ಲ. ನಮ್ಮಿಬ್ಬರ ನಡುವೆ ವ್ಯತ್ಯಾಸವಿರುವುದು ಇಷ್ಟೇ.

ಕೆಂದೋ ಎಂದರೇನೆಂದು ತಿಳಿಯದವರಿಗಾಗಿ ನಾಲ್ಕು ಮಾತು. ‘ಕೆನ್’ ಎಂದರೆ ಕತ್ತಿ, ‘ದೋ’ ಎಂದರೆ ದಾರಿ. ಕೈಯಲ್ಲಿರುವುದು ಕಬ್ಬಿಣವಲ್ಲ, ಬಿದಿರು. ನಾಲ್ಕು ಬಿದಿರಿನ ಸೀಳುಗಳನ್ನು ತೊಗಲಿನ ಹಿಡಿ, ತೊಗಲಿನ ತುದಿ, ಒಂದು ದಾರ ಇವುಗಳಿಂದ ಬಿಗಿದ ಕೋಲಿಗೆ ‘ಶಿನಾಯಿ’ ಎಂದು ಹೆಸರು. ದೊಡ್ಡವರ ಶಿನಾಯಿ 120 ಸೆಂಟಿಮೀಟರು ಮೀರುವಂತಿಲ್ಲ. ಸ್ಪರ್ಧೆಯಲ್ಲಿ ಗಂಡಸರದು 510 ಗ್ರಾಮಿಗೆ, ಹೆಂಗಸರದು 440 ಗ್ರಾಮಿಗೆ ಕಡಿಮೆ ಇರಕೂಡದು. ಮೈಗೆ ನಾಲ್ಕು ರಕ್ಷೆಗಳು: ತಲೆಗೆ ‘ಮೆನ್’, ಕೈಗೆ ‘ಕೊತೆ’, ಎದೆ ಹೊಟ್ಟೆಗೆ ‘ದೋ’, ಸೊಂಟದ ಕೆಳಗೆ ‘ತರೆ’. ಹೊಡೆಯಬಹುದಾದ ಜಾಗಗಳೂ ಎಣಿಕೆಯವೇ: ತಲೆ, ಮುಂಗೈ, ಪಕ್ಕೆ; ಜೊತೆಗೆ ಗಂಟಲ ರಕ್ಷೆಗೆ ತಿವಿತ. ಹೊಡೆಯುವವನು ಯಾವ ಜಾಗಕ್ಕೆ ಹೊಡೆಯುತ್ತಾನೋ ಅದರ ಹೆಸರನ್ನು ಗಟ್ಟಿಯಾಗಿ ಕೂಗುತ್ತಾನೆ. ತಲೆಗಾದರೆ ‘ಮೆನ್’, ಮುಂಗೈಗಾದರೆ ‘ಕೊತೆ’, ಪಕ್ಕೆಗಾದರೆ ‘ದೋ’, ತಿವಿತಕ್ಕಾದರೆ ‘ತ್ಸುಕಿ’.

ಈಗ ಪಟ್ಟಿಗೆ ಬರೋಣ. ‘ಮೆನ್’ ಎಂಬುದಕ್ಕೆ ಪಟ್ಟಿಯಲ್ಲಿ ಮೂರು ಕಡೆ ಮೂರು ಪದಗಳಿವೆ. ತೊಡುವ ವಸ್ತುವಾದರೆ ‘ಶಿರಸ್ತ್ರಾಣ’, ಹೊಡೆಯುವ ಜಾಗವಾದರೆ ‘ಶಿರೋಭಾಗ’, ಹೊಡೆತವಾದರೆ ‘ಶಿರೋಘಾತ’. ‘ಕೊತೆ’ಗೆ ‘ಮಣಿಬಂಧ ಪ್ರಹಾರ’. ‘ತ್ಸುಕಿ’ಗೆ ‘ಕಂಠವೇಧ’. ಶಬ್ದಗಳು ಗಂಭೀರವಾಗಿವೆ, ತಾಳಮದ್ದಳೆಯ ಅರ್ಥಧಾರಿಯ ಬಾಯಲ್ಲಿ ಶೋಭಿಸುತ್ತವೆ. ಆದರೆ ಹತ್ತು ವರ್ಷದ ಹುಡುಗಿ ಮುಂದಕ್ಕೆ ಹಾರಿ, ಬಲಗಾಲನ್ನು ನೆಲಕ್ಕೆ ಅಪ್ಪಳಿಸುತ್ತ, ಅದೇ ಕ್ಷಣಕ್ಕೆ ಕೋಲನ್ನೂ ತಾಗಿಸಬೇಕಾದಾಗ ‘ಶಿರೋಘಾತ’ ಎಂದು ಕೂಗಲಾರಳು. ‘ಶಿರೋ’ ಮುಗಿಯುವಷ್ಟರಲ್ಲಿ ಎದುರಾಳಿ ಅವಳ ತಲೆಗೇ ಘಾತ ಮಾಡಿ ಮುಂದೆ ಹೋಗಿರುತ್ತಾನೆ.

ಇದು ತಮಾಷೆಯ ಮಾತಲ್ಲ. ಕೆಂದೋದಲ್ಲಿ ‘ಕಿ-ಕೆನ್-ತಾಯಿ-ಇಚಿ’ ಎಂಬ ಸೂತ್ರವೊಂದಿದೆ. ಇಲ್ಲಿಯ ‘ತಾಯಿ’ ಎಂದರೆ ದೇಹ, ‘ಕಿ’ ಎಂದರೆ ಉಸಿರು, ಹುರುಪು, ಚೈತನ್ಯ, ‘ಕೆನ್’ ಕತ್ತಿ, ‘ಇಚಿ’ ಒಂದು. ಮೂರೂ ಒಂದಾಗಬೇಕೆಂಬುದು ಅದರ ಅರ್ಥ. ಕೂಗು ಬಾಯಿಂದ ಹೊರಟದ್ದು, ಕಾಲು ನೆಲಕ್ಕೆ ತಾಗಿದ್ದು, ಕೋಲು ಗುರಿಗೆ ಮುಟ್ಟಿದ್ದು ಇವು ಒಂದೇ ಕ್ಷಣದಲ್ಲಿ ಆಗಬೇಕು. ಕೂಗು ಮೊದಲಾಗಿ ಕೋಲು ಹಿಂದಾದರೆ, ಅಥವಾ ಕಾಲು ಮೊದಲಾಗಿ ಕೂಗು ಹಿಂದಾದರೆ, ಕೋಲು ತಲೆಗೆ ತಾಗಿದ್ದರೂ ನಿರ್ಣಾಯಕರು ಅಂಕ ಕೊಡುವುದಿಲ್ಲ. ಕೆಂಪು, ಬಿಳಿ ಬಾವುಟ ಹಿಡಿದ ಮೂವರು ನಿರ್ಣಾಯಕರು ನೋಡುವುದು ಈ ಕೂಡಿಕೆಯನ್ನೇ. ಅಂದಮೇಲೆ ‘ಮೆನ್’ ಎಂಬುದು ಹೊಡೆತಕ್ಕೆ ಅಂಟಿಸಿದ ಚೀಟಿಯಲ್ಲ, ಹೊಡೆತದ ಒಂದು ಅಂಗ. ಮುಖ ಎಂದೂ ಮುಖವಾಡ ಎಂದೂ ಅರ್ಥವಿರುವ ಆ ಒಂದೇ ಉಚ್ಚಾರ ತೊಡುವ ವಸ್ತುವೂ ಹೌದು, ಗುರಿಯೂ ಹೌದು, ಪೆಟ್ಟೂ ಹೌದು. ನಮ್ಮ ಪಟ್ಟಿ ಅದನ್ನು ಮೂರು ತುಂಡು ಮಾಡಿ, ಮೂರಕ್ಕೂ ಸಂಸ್ಕೃತದ ಅಂಗಿ ತೊಡಿಸಿ, ‘ಇಗೋ ಕನ್ನಡ’ ಎನ್ನುತ್ತಿದೆ. ಕನ್ನಡ ಇದರಲ್ಲಿ ಎಲ್ಲಿದೆ ಸ್ವಾಮಿ? ಕನ್ನಡವೇ ಬೇಕೆಂದಿದ್ದರೆ ‘ತಲೆ’, ‘ಕೈ’, ‘ಪಕ್ಕೆ’ ಎನ್ನಬಹುದಾಗಿತ್ತು. ಪಟ್ಟಿಯ ನಲವತ್ತರಲ್ಲಿ ಈ ಮೂರೂ ಇಲ್ಲ.

ಇನ್ನೊಂದು ಪದವನ್ನು ನೋಡಿ: ‘ಜನ್‌ಶಿನ್’. ಉಳಿದಿರುವ ಮನಸ್ಸು ಎಂಬುದು ಅದರ ಅಕ್ಷರಾರ್ಥ. ಪಟ್ಟಿಯವರು ‘ಅವಶಿಷ್ಟ ಚಿತ್ತ’ ಎಂದು ಬರೆದಿದ್ದಾರೆ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಕೆಂದೋದಲ್ಲಿ ಆ ಪದ ಒಂದು ಕೆಲಸದ ಹೆಸರು. ಹೊಡೆದಾಯಿತು, ಪೆಟ್ಟು ಬಿತ್ತು, ಎಲ್ಲ ಮುಗಿಯಿತು ಎಂದು ಸಡಿಲಾಗಕೂಡದು. ದಾಟಿ ಮುಂದೆ ಹೋಗಿ, ತಿರುಗಿ, ಮತ್ತೆ ಎದುರಾಳಿಗೆ ಮುಖಮಾಡಿ, ಕೋಲನ್ನು ಮೊದಲಿನ ನಿಲುವಿಗೆ ತಂದು ನಿಲ್ಲಬೇಕು. ಸರಿಯಾದ ಹೊಡೆತವೆಂದರೆ ಏನೆಂದು ಹೇಳುವ ನಿಯಮದಲ್ಲೇ ಜನ್‌ಶಿನ್ ಸೇರಿದೆ. ಅಂಕ ಗಳಿಸಿದವನು ಮುಷ್ಟಿ ಬಿಗಿದು ಕುಣಿದಾಡಿದರೆ ಕೊಟ್ಟ ಅಂಕವನ್ನು ಹಿಂದಕ್ಕೆ ಪಡೆಯಲು ನಿರ್ಣಾಯಕರಿಗೆ ಅಧಿಕಾರವಿದೆ. ನಮ್ಮ ಮಗಳಿಗೆ ಈ ಪದದ ಅರ್ಥವನ್ನು ಯಾರೂ ನಿಘಂಟಿನಿಂದ ಹೇಳಿಕೊಡಲಿಲ್ಲ. ಮೊದಲನೆಯ ವರ್ಷ ಹೊಡೆದ ಕೂಡಲೇ ಅವಳು ನಮ್ಮ ಕಡೆ ನೋಡಿ ನಗುತ್ತಿದ್ದಳು. ಮಾಸ್ತರರು ಪ್ರತಿಸಲವೂ ‘ಜನ್‌ಶಿನ್’ ಎನ್ನುತ್ತಿದ್ದರು. ನೂರು ಸಲ ಕೇಳಿದ ಮೇಲೆ ಒಂದು ದಿನ ಅವಳು ನಮ್ಮ ಕಡೆ ನೋಡಲಿಲ್ಲ. ಪದ ಅವಳಿಗೆ ಬಂದದ್ದು ಆ ದಿನ. ಈಗ ಅದನ್ನು ಕಿತ್ತು ‘ಅವಶಿಷ್ಟ ಚಿತ್ತ’ ಎಂದರೆ ಅವಳಿಗೆ ಹೊಸದಾಗಿ ಏನು ತಿಳಿದಂತಾಯಿತು?

‘ಮಾಯಿ’ ಎಂಬ ಪದವೂ ಹಾಗೆಯೇ. ‘ಮ’ ಎಂದರೆ ನಡುವಣ ತೆರಪು. ‘ಅಯಿ’ ಎಂದರೆ ಕೂಡುವಿಕೆ. ಇಬ್ಬರು ಆಟಗಾರರ ನಡುವಿನ ಅಂತರಕ್ಕೆ ಅದು ಹೆಸರು. ಪಟ್ಟಿಯಲ್ಲಿ ‘ದೂರ’ ಎಂದಿದೆ. ಬಿ.ಎಸ್‌ಸಿ.ಯಲ್ಲಿ ಭೌತಶಾಸ್ತ್ರ ಓದಿದ ನಮಗೆ ದೂರವೆಂದರೆ ಅಳತೆಪಟ್ಟಿಯಿಂದ ಅಳೆಯುವಂಥದು. ಮಾಯಿಯನ್ನು ಹಾಗೆ ಅಳೆಯಲಾಗದು. ಒಂದು ಹೆಜ್ಜೆ ಮುಂದಿಟ್ಟರೆ ಹೊಡೆಯಬಹುದು, ಒಂದು ಹೆಜ್ಜೆ ಹಿಂದಿಟ್ಟರೆ ತಪ್ಪಿಸಿಕೊಳ್ಳಬಹುದು ಎಂಬ ಆ ಜಾಗ ಎತ್ತರದವನಿಗೆ ಬೇರೆ, ಗಿಡ್ಡನಿಗೆ ಬೇರೆ, ದಣಿದವನಿಗೆ ಬೇರೆ. ಅದನ್ನು ಕಾಲಿನಿಂದಲೇ ತಿಳಿಯಬೇಕು.

ಇನ್ನು ಚರಿತ್ರೆಯತ್ತ ತಿರುಗೋಣ. ಆಜ್ಞೆ ಹೊರಡಿಸಿ ಪದ ಬದಲಾಯಿಸುವ ಹುಮ್ಮಸ್ಸು ನಮ್ಮ ಸಮಿತಿಗೇ ಮೊದಲು ಹುಟ್ಟಿದ್ದಲ್ಲ. ಜಪಾನೇ ಅದನ್ನು ಮಾಡಿ ನೋಡಿದೆ. 1895ರಲ್ಲಿ ಕ್ಯೋತೋ ನಗರದಲ್ಲಿ ಹುಟ್ಟಿದ ದಾಯಿ ನಿಪ್ಪೋನ್ ಬುತೊಕು ಕಾಯಿ ಎಂಬ ಸಂಸ್ಥೆ 1919ರಲ್ಲಿ ‘ಕೆಂಜುತ್ಸು’ ಎಂಬ ಹಳೆಯ ಹೆಸರನ್ನು ಬಿಟ್ಟು ‘ಕೆಂದೋ’ ಎಂಬುದನ್ನು ಅಧಿಕೃತವಾಗಿ ಹಿಡಿಯಿತು. ‘ಜುತ್ಸು’ ಎಂದರೆ ಕೌಶಲ. ‘ದೋ’ ಎಂದರೆ ದಾರಿ. ಬರಿಯ ಕೈಚಳಕವಲ್ಲ, ಬಾಳಿನ ಶಿಸ್ತು ಎಂಬುದು ಈ ಬದಲಾವಣೆಯ ಉದ್ದೇಶ. ಅದು ಉಳಿಯಿತು, ಏಕೆಂದರೆ ಅದನ್ನು ಬಯಸಿದವರು ದಿನವೂ ಕೋಲು ಹಿಡಿಯುತ್ತಿದ್ದವರೇ. ಆದರೆ ದಾರಿ ಎಂಬ ಹೆಸರಿದ್ದ ಮಾತ್ರಕ್ಕೆ ದಾರಿ ನೆಟ್ಟಗೇ ಹೋಯಿತೆಂದಲ್ಲ. 1931ರಲ್ಲಿ ಜಪಾನಿನ ಸರಕಾರ ಮಾಧ್ಯಮಿಕ ಶಾಲೆಗಳಲ್ಲಿ ಅದನ್ನು ಕಡ್ಡಾಯ ಮಾಡಿತು. ಯುದ್ಧಕಾಲದಲ್ಲಿ ಸೈನಿಕ ಹುಚ್ಚಿಗೆ ಅದನ್ನು ಬಳಸಿಕೊಂಡಿತು. ಇದನ್ನು ಮುಚ್ಚಿಟ್ಟು ‘ಸಮುರಾಯಿ’ಗಳ ಗುಣಗಾನ ಮಾಡುವವರ ಸಾಲಿನಲ್ಲಿ ನಾವಿಲ್ಲ.

ಅದೇ ಯುದ್ಧದ ನಡುವೆ 1943ರಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಇಂಗ್ಲಿಷು ಶತ್ರುಗಳ ಭಾಷೆಯಾದ್ದರಿಂದ ಬೇಸ್‌ಬಾಲ್ ಆಟದಲ್ಲಿ ‘ಸ್ಟ್ರೈಕ್’ ಮುಂತಾದ ಪದಗಳನ್ನು ತೆಗೆದುಹಾಕಿ ‘ಯೊಶಿ’ ಮೊದಲಾದ ಜಪಾನೀ ಪದಗಳನ್ನು ಕೂರಿಸಿದರು. ಯುದ್ಧ ಮುಗಿಯಿತು, ಹಳೆಯ ಪದಗಳು ಮರಳಿ ಬಂದವು. ಇಂದಿಗೂ ಜಪಾನಿನ ಮಕ್ಕಳು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ‘ಸುತೊರಾಯಿಕು’ ಎನ್ನುತ್ತಾರೆ. ಅದರಿಂದ ಜಪಾನೀ ಭಾಷೆ ಸತ್ತಿಲ್ಲ.

1945ರಲ್ಲಿ ಸೋತ ಮೇಲೆ ಚಕ್ರ ಇನ್ನೊಂದು ಕಡೆಗೆ ತಿರುಗಿತು. ಅಮೆರಿಕನ್ನರ ಆಡಳಿತದಲ್ಲಿ ಶಾಲೆಗಳಿಂದ ಕೆಂದೋ ಹೊರಬಿತ್ತು. ಬುತೊಕು ಕಾಯಿ 1946ರಲ್ಲಿ ವಿಸರ್ಜನೆಯಾಯಿತು. ಆಟವನ್ನು ಉಳಿಸಿಕೊಳ್ಳಲು 1950ರ ಹೊತ್ತಿಗೆ ಅದಕ್ಕೆ ‘ಶಿನಾಯಿ ಕ್ಯೋಗಿ’, ಅಂದರೆ ಶಿನಾಯಿ ಸ್ಪರ್ಧೆ, ಎಂದು ಹೆಸರಿಟ್ಟರು. ಅಂಗಿ ಷರಾಯಿ ತೊಟ್ಟು, ಕೂಗು ಬಿಟ್ಟು, ಗೊತ್ತಾದ ಕಾಲದಲ್ಲಿ ಹೆಚ್ಚು ಅಂಕ ಗಳಿಸಿದವನು ಗೆದ್ದ ಎಂಬಂತೆ ಆಡಿದರು. 1952ರಲ್ಲಿ ಅಖಿಲ ಜಪಾನ್ ಕೆಂದೋ ಒಕ್ಕೂಟ ಹುಟ್ಟಿತು. 1954ರಲ್ಲಿ ಶಿನಾಯಿ ಕ್ಯೋಗಿಯ ಸಂಸ್ಥೆ ಅದರಲ್ಲಿ ಸೇರಿಹೋಯಿತು. ಕೂಗು ಮತ್ತೆ ಬಂತು, ಹೆಸರು ಮತ್ತೆ ಬಂತು. ಹೊರಗಿನಿಂದ ಹೇರಿದ ಹೆಸರೂ ಮೌನವೂ ಆಡುವವರ ಕೈಗೆ ಹೊಂದಲಿಲ್ಲ.

ಇಲ್ಲಿ ನಮ್ಮ ಎದುರು ಪಕ್ಷದವರು ಒಂದು ಬಲವಾದ ಪ್ರಶ್ನೆ ಕೇಳಬಹುದು. ಸಮಿತಿಯ ಸಭೆಯಲ್ಲಿ ಯಾರೂ ಕೇಳಲಿಲ್ಲ. ಆದ್ದರಿಂದ ನಾವೇ ಕೇಳಿಕೊಳ್ಳುತ್ತೇವೆ. ಕೊರಿಯಾದವರು ಏನು ಮಾಡಿದರು? 1910ರಿಂದ 1945ರವರೆಗೆ ಜಪಾನಿನ ಕೈಕೆಳಗಿದ್ದ ಆ ದೇಶದಲ್ಲಿ ಕೆಂದೋ ಬೇರೂರಿತು. ಸ್ವತಂತ್ರರಾದ ಮೇಲೆ ಅವರು ಆಟವನ್ನು ಇಟ್ಟುಕೊಂಡರು, ಮಾತನ್ನು ಬದಲಾಯಿಸಿದರು. ಅಲ್ಲಿ ಅದಕ್ಕೆ ‘ಕುಮ್‌ದೋ’ ಎಂದು ಹೆಸರು. ತಲೆಗೆ ಹೊಡೆದರೆ ‘ಮೊರಿ’ ಎನ್ನುತ್ತಾರೆ, ಮಣಿಕಟ್ಟಿಗೆ ‘ಸೊನ್‌ಮೊಕ್’, ಸೊಂಟದ ಪಕ್ಕೆಗೆ ‘ಹೊರಿ’. ಎಣಿಸುವುದು ‘ಹಾನಾ, ದುಲ್, ಸೆತ್’ ಎಂದು. ಆಟ ಕೆಟ್ಟಿತೇ? ಇಲ್ಲ. 2006ರಲ್ಲಿ ತೈಪೆಯಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ ಜಪಾನಿನ ಪುರುಷರ ತಂಡ ಅಮೆರಿಕಕ್ಕೆ ಸೋತಿತು, ಕೊರಿಯಾ ಚಾಂಪಿಯನ್ ಆಯಿತು. ಹಾಗಾದರೆ ನಾವೇಕೆ ಬದಲಾಯಿಸಬಾರದು?

ಬದಲಾಯಿಸಬಾರದೆಂದು ನಾವು ಹೇಳುತ್ತಲೇ ಇಲ್ಲ. ಯಾರು, ಯಾವಾಗ ಬದಲಾಯಿಸಬೇಕೆಂಬುದೇ ಪ್ರಶ್ನೆ. ‘ಮೊರಿ’ ಎಂಬುದು ಕೊರಿಯಾದ ತಾಯಿ ಮಗುವಿನ ತಲೆ ಬಾಚುವಾಗ ಆಡುವ ಮಾತು, ಪಂಡಿತರ ಪಟ್ಟಿಯ ಮಾತಲ್ಲ. ಅದನ್ನು ಕೂಗಿದವರು ಕೋಲು ಹಿಡಿದು ವರ್ಷಗಟ್ಟಲೆ ಬೆವರಿದವರು. ಅವರಿಗೆ ಜಪಾನೀ ಮಾತು ತಮ್ಮ ಹೆಸರುಗಳನ್ನೇ ಬದಲಾಯಿಸಲು ಹೊರಟಿದ್ದ ಆಳರಸರ ಮಾತಾಗಿತ್ತು. ನಮ್ಮ ಹನ್ನೊಂದು ಮಕ್ಕಳ ಹೆಸರನ್ನು ಯಾವ ಜಪಾನಿನವನೂ ಬದಲಾಯಿಸಲು ಬಂದಿಲ್ಲ. ಈ ಹನ್ನೊಂದು ಜನ ಬೆಳೆದು, ಹತ್ತು ಹದಿನೈದು ವರ್ಷ ಬೆವರು ಸುರಿಸಿ, ಕನ್ನಡದ ಮಕ್ಕಳಿಗೆ ತಾವೇ ಕಲಿಸುವಂತಾಗಿ, ಒಂದು ದಿನ ತಾನಾಗಿ ಒಬ್ಬಳ ಬಾಯಲ್ಲಿ ‘ತಲೆ’ ಎಂಬ ಕೂಗು ಬಂದರೆ ಮೊದಲು ಚಪ್ಪಾಳೆ ತಟ್ಟುವವರು ನಾವೇ. ಅದುವರೆಗೆ ಬೆಂಚಿನ ಮೇಲೆ ಕುಳಿತ ನಾವಾಗಲಿ, ಬೆಂಚಿನವರೆಗೂ ಬಾರದವರಾಗಲಿ ಅವರ ಬಾಯಿಗೆ ಪದ ತುರುಕಬಾರದು.

‘ಇದು ದಾಸ್ಯ’ ಎಂದು ಸಭೆಯಲ್ಲಿ ಒಬ್ಬರು ಗುಡುಗಿದರು. ಅದೇ ಮಹನೀಯರು ಜೂನ್ 21ರಂದು, 2015ರಿಂದ ಪ್ರತಿವರ್ಷ ನಡೆಯುವ ಅಂತರರಾಷ್ಟ್ರೀಯ ಯೋಗ ದಿನದಂದು, ವಿದೇಶದವರು ‘ಪ್ರಾಣಾಯಾಮ’, ‘ಶವಾಸನ’ ಎನ್ನುವುದನ್ನು ಕೇಳಿ ಎದೆಯುಬ್ಬಿಸುತ್ತಾರೆ. ಅವರು ನಮ್ಮ ಪದ ಆಡಿದರೆ ಗೌರವ, ನಮ್ಮ ಮಕ್ಕಳು ಅವರ ಪದ ಆಡಿದರೆ ದಾಸ್ಯ, ಇದು ಯಾವ ತಕ್ಕಡಿ? 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿ ಸೇರಿದಂದಿನಿಂದ ಜಪಾನಿನ ತಂಡವೂ ಅದನ್ನು ಆಡುತ್ತಿದೆ. ಗೆರೆ ದಾಟಿ ಬಂದ ಜಪಾನೀ ಆಟಗಾರ ಉಸಿರು ಹಿಡಿದು ‘ಕಬಡ್ಡಿ ಕಬಡ್ಡಿ’ ಎಂದೇ ಅನ್ನುತ್ತಾನೆ, ಅದನ್ನು ಅನುವಾದಿಸಿಕೊಂಡು ಬರುವುದಿಲ್ಲ. ನಾಳೆ ತೋಕ್ಯೋದಲ್ಲಿ ಯಾರಾದರೂ ಯಕ್ಷಗಾನ ಕಲಿತು, ಭಾಗವತರನ್ನು ‘ಹಾಡುಗಾರ’ ಎಂದೂ ಧೀಂಗಿಣವನ್ನು ‘ಸುತ್ತುಜಿಗಿತ’ ಎಂದೂ ತಮ್ಮ ಭಾಷೆಯಲ್ಲಿ ಕರೆದರೆ ನಮ್ಮಲ್ಲಿಯ ಕರಾವಳಿಯವರಿಗೆ ಹೇಗನ್ನಿಸೀತು?

ಅಷ್ಟು ದೂರವೇಕೆ? ನಮ್ಮೂರ ಗರಡಿಮನೆಯನ್ನೇ ನೆನೆಯಿರಿ. ಅಲ್ಲಿಯ ‘ಪೈಲ್ವಾನ’, ‘ಉಸ್ತಾದ’ ಎಂಬವು ಪಾರಸೀ ಪದಗಳು. ಕೆಮ್ಮಣ್ಣಿನಲ್ಲಿ ತಲೆಮಾರುಗಟ್ಟಲೆ ಹೊರಳಿ ಅವು ಕನ್ನಡವೇ ಆಗಿವೆ. ಮಣ್ಣಿನಲ್ಲಿ ಹೊರಳಿದ ಪದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಇನ್ನೊಂದು ಸಂಗತಿ. ಕೆಂದೋ ಅಭ್ಯಾಸದ ಜಾಗಕ್ಕೆ ‘ದೋಜೋ’ ಎನ್ನುತ್ತಾರೆ. ಪಟ್ಟಿಯಲ್ಲಿ ಅದನ್ನು ಹೊಡೆದುಹಾಕಿ ‘ವ್ಯಾಯಾಮಶಾಲೆ’ ಎಂದು ಬರೆದಿದೆ. ಆ ಪದ ಜಪಾನಿಗೆ ಬಂದದ್ದು ಬೌದ್ಧರ ಮೂಲಕ, ಚೀಣದಿಂದ. ಚೀಣದವರು ಅದನ್ನು ಬಳಸಿದ್ದು ನಮ್ಮ ‘ಬೋಧಿಮಂಡ’ ಎಂಬುದಕ್ಕೆ, ಅಂದರೆ ಬುದ್ಧನಿಗೆ ಅರಿವು ಮೂಡಿದ ಆ ಸ್ಥಳಕ್ಕೆ. ನಮ್ಮ ನೆಲದಿಂದಲೇ ಹೊರಟು ಅಷ್ಟು ದೂರ ನಡೆದು ಬಂದ ಮಾತನ್ನು ಪರಕೀಯವೆಂದು ಬಾಗಿಲಲ್ಲೇ ನಿಲ್ಲಿಸುತ್ತಿದ್ದೇವೆ.

ಇಷ್ಟು ಹೇಳಿದ ಮೇಲೆ ನಮ್ಮ ಪಕ್ಷದವರಿಗೂ ನಾಲ್ಕು ಮಾತು ಹೇಳದಿದ್ದರೆ ಅನ್ಯಾಯವಾದೀತು. ಪಾಲಕರಾದ ನಮ್ಮಲ್ಲಿ ಎಷ್ಟು ಜನ ಈ ಪದಗಳ ಅರ್ಥವನ್ನು ಕೇಳಿ ತಿಳಿದಿದ್ದೇವೆ? ಮಕ್ಕಳು ಕಪ್ಪು ನೀಲಿ ಉಡುಪು ತೊಟ್ಟು ನಿಂತ ಚಿತ್ರವನ್ನು ನೆಂಟರಿಷ್ಟರಿಗೆ ಕಳಿಸುವುದರಲ್ಲಿ ನಮ್ಮ ಉತ್ಸಾಹ ಮುಗಿಯುತ್ತದೆ. ಮೊದಲ ತಿಂಗಳು ನಮ್ಮ ಮಗಳು, ‘ಅಪ್ಪಾ, ಪಕ್ಕೆಗೆ ಹೊಡೆದಾಗ ‘ದೋ’ ಅಂತಾರಲ್ಲ, ‘ಏಕ್’ ಯಾರೂ ಅನ್ನೋದೇ ಇಲ್ಲವಲ್ಲ, ಯಾಕೆ?’ ಎಂದು ಕೇಳಿದಳು. ಹಿಂದಿಯ ಎರಡು ಎಂದು ತಿಳಿದಿದ್ದಳು! ನಮಗೂ ಉತ್ತರ ಗೊತ್ತಿರಲಿಲ್ಲ. ವಿಚಾರಿಸಿದಾಗ ತಿಳಿದದ್ದು: ಕೆಂದೋದ ‘ದೋ’ ದಾರಿ, ಪಕ್ಕೆಯ ‘ದೋ’ ಮುಂಡ. ಬರೆಯುವ ಅಕ್ಷರ ಬೇರೆ ಬೇರೆ, ಉಚ್ಚಾರ ಒಂದೇ. ನಮ್ಮ ‘ಹತ್ತು’ ಎಣಿಕೆಯೂ ಆಗಿ ಮರ ಹತ್ತುವುದೂ ಆದಂತೆ. ಅರ್ಥ ತಿಳಿಯದೆ ಕೂಗಿದರೆ ಅದು ಗಿಳಿಪಾಠ. ಅಂಥ ಗಿಳಿಪಾಠವನ್ನು ವಿರೋಧಿಸುವುದಾದರೆ ಪಟ್ಟಿಯ ಹಿರಿಯರ ಜೊತೆ ನಾವೂ ನಿಲ್ಲುತ್ತೇವೆ.

ಎರಡನೆಯದು, ಉಚ್ಚಾರ. ಜಪಾನೀ ಪದಗಳನ್ನು ನಾವು ಇಂಗ್ಲಿಷಿನ ಅಂಗಡಿಯಿಂದ ಕೊಂಡು ತರುತ್ತಿದ್ದೇವೆ. ಇಂಗ್ಲಿಷಿನಲ್ಲಿ ತ, ಟ ಬೇರೆ ಇಲ್ಲ. ದ, ಡ ಬೇರೆ ಇಲ್ಲ. ಅದಕ್ಕೇ ‘ಕೆಂಡೊ’, ‘ಜೂಡೊ’, ‘ಕರಾಟೆ’ ಎಂದು ಬರೆಯುತ್ತ ಬಂದಿದ್ದೇವೆ. ಜಪಾನಿನವರ ನಾಲಗೆ ಹಲ್ಲಿಗೆ ತಾಗುತ್ತದೆ. ಅವರದು ‘ಕೆಂದೋ’, ‘ಜೂದೋ’, ‘ಕರತೆ’. ಕೊನೆಯದರ ಅರ್ಥ ಬರಿಗೈ. ಹ್ರಸ್ವ ದೀರ್ಘಗಳು ಅವರಲ್ಲೂ ಅರ್ಥ ಬದಲಾಯಿಸುತ್ತವೆ, ನಮ್ಮಲ್ಲೂ ಬದಲಾಯಿಸುತ್ತವೆ. ಎ, ಏ, ಒ, ಓ ನಾಲ್ಕನ್ನೂ ಬೇರೆ ಬೇರೆಯಾಗಿ ಬರೆಯಬಲ್ಲ ಕನ್ನಡದ ಅಕ್ಷರಗಳಲ್ಲಿ ‘ಕೊತೆ’ಯನ್ನೂ ‘ದೋ’ವನ್ನೂ ಇದ್ದಂತೆಯೇ ಬರೆಯಬಹುದು. ಜಪಾನೀ ಅಕ್ಷರಮಾಲೆಯ ಸ್ವರಗಳ ಕ್ರಮವೂ ಅ, ಇ, ಉ, ಎ, ಒ ಎಂದೇ; ಬೌದ್ಧ ಭಿಕ್ಷುಗಳು ಕಲಿತ ಸಂಸ್ಕೃತ ವರ್ಣಮಾಲೆಯ ಪ್ರಭಾವ ಅದರಲ್ಲಿದೆ. ಕನ್ನಡದ ಸೇವೆ ಮಾಡುವ ಮನಸ್ಸಿದ್ದರೆ ಈ ಪದಗಳನ್ನು ಕನ್ನಡದ ಲಿಪಿಯಲ್ಲಿ ಸರಿಯಾಗಿ ಬರೆದು ಗೋಡೆಗೆ ತೂಗಿಹಾಕುವುದೇ ಒಂದು ಒಳ್ಳೆಯ ಸೇವೆ.

ಈಗ ಎಲ್ಲಕ್ಕಿಂತ ನೋಯಿಸುವ ಮಾತು. ಮಕ್ಕಳು ಶಿನಾಯಿ ಬೀಸುತ್ತ ‘ಇಚಿ, ನಿ, ಸನ್, ಶಿ’ ಎಂದು ಎಣಿಸುವುದನ್ನು ಮೂರು ವಾರದಲ್ಲಿ ಕಲಿತರು. ಇದೇ ಮಕ್ಕಳಿಗೆ ಕನ್ನಡದಲ್ಲಿ ‘ಎಪ್ಪತ್ತೊಂಬತ್ತು’ ಎಂದರೆ ಎಷ್ಟೆಂದು ತಿಳಿಯದು. ಸಮಿತಿಗೆ ಸಿಟ್ಟು ಬಂದದ್ದು ಇದಕ್ಕೇ, ಆ ಸಿಟ್ಟು ನಮಗೂ ಇದೆ. ಆದರೆ ತಪ್ಪು ‘ಇಚಿ, ನಿ’ಯದೇ? ಪ್ರತಿ ‘ಇಚಿ’ಗೂ ಒಂದು ಬೀಸು ಇದೆ, ಒಂದು ಹೆಜ್ಜೆ ಇದೆ. ನಮ್ಮ ಮನೆಗಳಲ್ಲಿ ಕನ್ನಡದ ಸಂಖ್ಯೆಯೊಡನೆ ಯಾವ ಕೆಲಸ ಇದೆ? ಹಾಲಿನ ಲೆಕ್ಕ ಹಿಂದಿಯಲ್ಲಿ, ತರಕಾರಿಯ ಚೌಕಾಸಿ ಮರಾಠಿಯಲ್ಲಿ, ಶಾಲೆಯ ಅಂಕ ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಉಳಿದಿರುವುದು ನವೆಂಬರ್ ತಿಂಗಳ ಭಾಷಣ. ಭಾಷಣ ಕೇಳಿ ಯಾವ ಮಗುವೂ ಎಣಿಸಲು ಕಲಿಯುವುದಿಲ್ಲ.

ನಮ್ಮ ಕಛೇರಿಯಲ್ಲಿಯೂ ಇದನ್ನೇ ಕಂಡಿದ್ದೇವೆ. ಸೆಪ್ಟೆಂಬರ್ ತಿಂಗಳು ಹಿಂದಿ ಪಖವಾಡ ಬರುತ್ತದೆ, ಪಾರಿಭಾಷಿಕ ಪದಗಳ ಹೊತ್ತಗೆ ಮೇಜಿನ ಮೇಲೆ ಬರುತ್ತದೆ, ಬಹುಮಾನವೂ ಉಂಟು. ಹದಿನೈದು ದಿನ ಕಳೆದರೆ ಹೊತ್ತಗೆ ಕಪಾಟಿಗೆ, ಟಿಪ್ಪಣಿ ಮತ್ತೆ ಇಂಗ್ಲಿಷಿಗೆ. ಅದನ್ನು ನೋಡಿ ನಗುವ ನಾವು, ನಮ್ಮ ಸಂಘದಲ್ಲಿ ಅಂಥದೇ ಪಟ್ಟಿ ಮಾಡಿ ಮಕ್ಕಳ ಕೈಗೆ ಕೊಡುತ್ತಿದ್ದೇವೆ.

ಒಂದು ವಿಷಯ ಸದಸ್ಯರೆಲ್ಲರಿಗೂ ಗೊತ್ತಿರಲಿ. ‘ಎಲ್ಲವೂ ಕನ್ನಡದಲ್ಲೇ ನಡೆಯಬೇಕು’ ಎಂಬ ಈ ನಿರ್ಣಯವನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿರುವುದು ಇಂಗ್ಲಿಷಿನಲ್ಲಿ. ಪಾಲಕರಿಗೆ ವಾಟ್ಸಪ್ಪಿನಲ್ಲಿ ಬಂದ ಸೂಚನೆಯೂ ಇಂಗ್ಲಿಷಿನಲ್ಲಿ. ನಮಗಿಲ್ಲದ ವ್ರತವನ್ನು ಮಕ್ಕಳ ಮೇಲೆ ಹೇರುವುದು ಯಾವ ಧರ್ಮ?

ಕೆಂದೋದಲ್ಲಿ ‘ಶಿಕಾಯಿ’ ಎಂದರೆ ನಾಲ್ಕು ರೋಗಗಳು: ಬೆಚ್ಚುವುದು, ಹೆದರುವುದು, ಶಂಕಿಸುವುದು, ಗೊಂದಲಪಡುವುದು. ಎದುರಾಳಿ ಹೊಡೆಯುವ ಮುಂಚೆಯೇ ನಮ್ಮನ್ನು ಸೋಲಿಸುವುದು ಇವು. ಹನ್ನೊಂದು ಮಕ್ಕಳ ನಲವತ್ತು ಪದಗಳಿಂದ ಕನ್ನಡಕ್ಕೆ ಅಪಾಯವಿದೆ ಎನ್ನುವವರಿಗೆ ಈ ನಾಲ್ಕರಲ್ಲಿ ಎರಡಾದರೂ ತಗಲಿವೆಯೆಂದು ನಮ್ಮ ನಮ್ರ ಅಭಿಪ್ರಾಯ.

ಬರಿಯ ಟೀಕೆ ಸಾಲದು. ಸರ್ವಸದಸ್ಯರ ಸಭೆಯಲ್ಲಿ ನಾವು ಮೂರು ತಿದ್ದುಪಡಿಗಳನ್ನು ಮಂಡಿಸಲಿದ್ದೇವೆ. ಮೊದಲನೆಯದು, ಸಭಾಗೃಹವನ್ನು ಷರತ್ತಿಲ್ಲದೆ ಕೊಡಬೇಕು. ಅಭ್ಯಾಸದ ಮಾತು ಜಪಾನೀ ಭಾಷೆಯಲ್ಲೇ ಇರಲಿ. ಎರಡನೆಯದು, ಪಟ್ಟಿಯನ್ನು ಕಸದ ಬುಟ್ಟಿಗೆ ಹಾಕುವುದು ಬೇಡ. ಅದನ್ನು ತಯಾರಿಸಿದ ಹಿರಿಯರು ಸಂಸ್ಕೃತ ಬಲ್ಲವರು, ಮಕ್ಕಳನ್ನು ಕಂಡರೆ ಪ್ರೀತಿಯುಳ್ಳವರು. ಅಭ್ಯಾಸ ಮುಗಿದ ಮೇಲೆ ಅರ್ಧ ತಾಸು ಅವರೇ ಬಂದು, ‘ಮೆನ್’ ಎಂದರೇನು, ‘ದೋಜೋ’ ಎಲ್ಲಿಂದ ಬಂತು, ‘ಕೇಕೊ’ ಎಂದರೆ ಅಭ್ಯಾಸ ಮಾತ್ರವಲ್ಲ, ಹಳೆಯದನ್ನು ಕುರಿತು ಆಲೋಚಿಸುವುದು ಎಂಬ ಅರ್ಥವೂ ಹೇಗಿದೆ ಎಂಬುದನ್ನು ಕನ್ನಡದಲ್ಲಿ ಹೇಳಲಿ. ಜಪಾನೀ ಭಾಷೆಯಲ್ಲಿ ಗುರುವಿಗೆ ‘ಸೆನ್ಸೇ’ ಎನ್ನುತ್ತಾರೆ. ಮೊದಲು ಹುಟ್ಟಿದವನು ಎಂದು ಅದರ ಅಕ್ಷರಾರ್ಥ. ಆ ಗೌರವ ಅವರಿಗೆ ಸಲ್ಲಲಿ. ಮೂರನೆಯದು, ಆ ಎರಡು ತಾಸಿನ ಹೊರಗೆ ಸಭಾಗೃಹದಲ್ಲಿ ದೊಡ್ಡವರು ಆಡುವ, ಬರೆಯುವ ಎಲ್ಲವೂ ಕನ್ನಡದಲ್ಲಿರಬೇಕು. ಕುರ್ಚಿ ಎಣಿಸುವುದು, ಚಂದಾ ಹಣ ಎಣಿಸುವುದು, ನಡಾವಳಿ ಬರೆಯುವುದು, ಅಭ್ಯಾಸ ಮುಗಿಸಿದ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತ ‘ಇನ್ನೊಂದು ಸೌಟು ಹಾಕಲೇ?’ ಎನ್ನುವುದು ಎಲ್ಲವೂ.

ಮತ ಹಾಕುವ ಮುನ್ನ ಸದಸ್ಯ ಬಂಧುಗಳು ಒಂದು ಭಾನುವಾರ ಬೆಳಿಗ್ಗೆ ಬಂದು ನೋಡಬೇಕೆಂದು ನಮ್ಮ ವಿನಂತಿ. ಶಾಲೆಯ ಸಭಾಂಗಣ ಮುಚ್ಚಿರುವುದರಿಂದ ಸದ್ಯ ಮಕ್ಕಳು ಆಂಟಾಪ್ ಹಿಲ್ಲಿನ ನಮ್ಮ ಸರಕಾರಿ ವಸತಿಗಳ ನಡುವಣ ಅಂಗಳದಲ್ಲಿ, ಕಾಂಕ್ರೀಟಿನ ಮೇಲೆ ಅಭ್ಯಾಸ ಮಾಡುತ್ತಿದ್ದಾರೆ. ಬರಿಗಾಲಿನಲ್ಲಿ ಅದ್ದರಿಸುವ ಆಟ ಅದು. ಕಾಂಕ್ರೀಟಿಗೆ ಒದ್ದು ಒದ್ದು ಅವರ ಹಿಮ್ಮಡಿ ಊದಿಕೊಂಡಿದೆ. ನಮ್ಮ ಸಭಾಗೃಹದ ನೆಲ ಮರದ್ದು, ಭಾನುವಾರ ಬೆಳಿಗ್ಗೆ ಅದರ ಮೇಲೆ ಯಾರೂ ಇರುವುದಿಲ್ಲ. ಬೀಗದ ಕೈ ಕೊಟ್ಟರೆ ಬೆಳಿಗ್ಗೆ ಆರಕ್ಕೆ ಬಂದು ಬಾಗಿಲು ತೆರೆಯುವ, ಕೊನೆಗೆ ಮಕ್ಕಳಿಂದಲೇ ನೆಲ ಒರೆಸಿಸಿ ಬಾಗಿಲು ಹಾಕುವ ಜವಾಬ್ದಾರಿ ನಮ್ಮದು.